ಹಾಡು ನನ್ನದೇ, ಆದರೆ ಡ್ರಮ್ಸ್ ನನ್ನ ದನಿಯನ್ನು ನುಂಗುತ್ತಿದೆ

ಪ್ರಶ್ನೆ: ಹತ್ತು ವರ್ಷ ರಾಕ್ ಬ್ಯಾಂಡೊಂದರಲ್ಲಿ ಡ್ರಮ್ಸ್ ನುಡಿಸಿದೆ. ಕಳೆದ ವರ್ಷ ಬ್ಯಾಂಡ್ ಒಡೆಯಿತು. ಈಗ ನಾನೇ ಬರೆದು, ರಾಗ ಹಾಕಿ ಎಂಟು ಹಾಡು ಮಾಡಿಟ್ಟಿದ್ದೇನೆ. ಮೊದಲು ಬೀಟ್ ಹಾಕಿಕೊಂಡು ಅದರ ಮೇಲೆ ಸಾಲು ಕೂರಿಸುವುದು ನನ್ನ ರೂಢಿ. ಮನೆಯಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ದನಿ ಬಡಕಲಾಗಿ ಕೇಳುತ್ತದೆ, ಪಲ್ಲವಿಯ ಮೇಲಿನ ಸ್ವರದಲ್ಲಿ ಒಡೆಯುತ್ತದೆ. ‘ನೀನು ಡ್ರಮ್ಮರ್, ಹಾಡುಗಾರನಲ್ಲ’ ಎನ್ನುತ್ತಾರೆ ಗೆಳೆಯರು. ಎರಡು ಹಾಡು ಬ್ಯಾಂಡಿನವು ಎಂದು ಹಳೆಯ ಗಿಟಾರಿಸ್ಟ್ ತಕರಾರು ತೆಗೆದಿದ್ದಾನೆ. ಇನ್ನೊಂದು ಬ್ಯಾಂಡ್ ಡ್ರಮ್ಸ್‌ಗೆ ಕರೆಯುತ್ತಿದೆ. ಅಲ್ಲಿಗೇ ಹೋಗಿಬಿಡಲೇ?

ಉತ್ತರ: ಹಾಡುವುದನ್ನು ದಯವಿಟ್ಟು ಬಿಡಬೇಡಿ. ಗೆಳೆಯರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಲೂ ಬೇಡಿ. 1975ರಲ್ಲಿ ಹಾಡುಗಾರ ಪೀಟರ್ ಗೇಬ್ರಿಯಲ್ ಜೆನೆಸಿಸ್ ಬ್ಯಾಂಡ್ ಬಿಟ್ಟಾಗ ಹಾಡುವ ಹೊಣೆ ಹೊತ್ತವರು ಆ ಬ್ಯಾಂಡಿನ ಡ್ರಮ್ಮರ್ ಫಿಲ್ ಕಾಲಿನ್ಸ್. ‘ನಿರ್ವಾಣ’ ಬ್ಯಾಂಡಿನ ಡ್ರಮ್ಮರ್ ಡೇವ್ ಗ್ರೋಲ್ 1994ರಲ್ಲಿ ಹೆಚ್ಚುಕಡಿಮೆ ಎಲ್ಲ ವಾದ್ಯಗಳನ್ನೂ ತಾವೇ ನುಡಿಸಿ, ತಾವೇ ಹಾಡಿ ಒಂದಿಡೀ ಆಲ್ಬಮ್ ರೆಕಾರ್ಡ್ ಮಾಡಿದರು. ಜತೆಗಾರರು ಸೇರಿಕೊಂಡದ್ದು ಆಮೇಲೆ.

ತೊಂದರೆ ಇರುವುದು ನಿಮ್ಮ ರೂಢಿಯಲ್ಲಿ. ಬೀಟ್ ಮೊದಲು ಬಂದರೆ ಸಾಲುಗಳೆಲ್ಲ ಒಂದನೇ ಪೆಟ್ಟಿಗೇ ಎತ್ತಿಕೊಳ್ಳುತ್ತವೆ, ಅಕ್ಷರಕ್ಕೊಂದು ಪೆಟ್ಟು ಬೀಳುತ್ತದೆ, ಸ್ವರ ಎಳೆದು ನಿಲ್ಲಲು ಜಾಗವೇ ಉಳಿಯುವುದಿಲ್ಲ. ಇನ್ನೊಂದು ತಿಂಗಳು ಈ ಹಾಡುಗಳಿಗೆ ಡ್ರಮ್ಸ್ ಮುಟ್ಟದೆ, ಒಂದು ಗಿಟಾರ್ ಮತ್ತು ದನಿ ಎರಡರಲ್ಲೇ ಎಂಟೂ ಹಾಡನ್ನು ಹಾಡಿ ನೋಡಿ. ತಾಳ ಎಣಿಸಿಕೊಡುವ ಮೆಟ್ರೊನೋಮ್ ಕೂಡ ಬೇಡ, ಲಯ ನಿಮ್ಮ ಮೈಯಲ್ಲೇ ಇದೆ. ಒಂದೇ ಸಾಲನ್ನು ಮೊದಲು ಪೆಟ್ಟಿನ ಮೇಲೆ, ಆಮೇಲೆ ಅರ್ಧ ಪೆಟ್ಟು ಬಿಟ್ಟು, ಮತ್ತೊಮ್ಮೆ ಪೆಟ್ಟಿಗೆ ಮುಂಚೆಯೇ ಎತ್ತಿ ಹಾಡಿ, ಫೋನಿನಲ್ಲಿ ಮೂರನ್ನೂ ರೆಕಾರ್ಡ್ ಮಾಡಿ ಕೇಳಿ. ಮಾತಾಡಿದಷ್ಟು ಸಹಜವಾಗಿ ಕೇಳುವುದನ್ನು ಇಟ್ಟುಕೊಳ್ಳಿ. ಇದರಲ್ಲಿ ನಿಮ್ಮಷ್ಟು ಸೂಕ್ಷ್ಮ ಕಿವಿ ಬಹಳ ಹಾಡುಗಾರರಿಗೆ ಇರುವುದಿಲ್ಲ.

ದನಿ ಒಡೆಯುವುದು ಬಹುಪಾಲು ಶ್ರುತಿಯ ಆಯ್ಕೆಯಿಂದ. ಗಂಟಲು ಬಿಗಿಯದೆ ನಾಲ್ಕು ಸಲ ಸಾಲಾಗಿ ಹಿಡಿಯಬಲ್ಲ ಅತಿ ಮೇಲಿನ ಸ್ವರ ಯಾವುದೆಂದು ನೋಡಿ. ಪಲ್ಲವಿಯ ತುದಿ ಅದಕ್ಕಿಂತ ಎರಡು ಅರ್ಧಸ್ವರ ಕೆಳಗೇ ಇರಲಿ. ಗಿಟಾರಿನ ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪಾದ ಕಾಪೋ ಒಂದು ಫ್ರೆಟ್ ಮೇಲೆ ಸರಿದರೆ ಶ್ರುತಿ ಅರ್ಧಸ್ವರ ಏರುತ್ತದೆ, ಇಳಿಸುವುದು ಅದೊಂದರಿಂದಲೇ ಆಗದು, ಕಾರ್ಡ್ ಹಿಡಿತವನ್ನೂ ಬದಲಿಸಬೇಕು. ಜಿ ಶ್ರುತಿಯ ಹಾಡನ್ನು ಎಫ್‌ಗೆ ಇಳಿಸಬೇಕಾದರೆ ಮೂರನೇ ಫ್ರೆಟ್‌ನಲ್ಲಿ ಕಾಪೋ ಹಾಕಿ ಡಿ ಕಾರ್ಡ್‌ಗಳ ಹಿಡಿತದಲ್ಲಿ ನುಡಿಸಿ. ಜೋರಾಗಿ ಬಾರಿಸುವಾಗ ಉಸಿರು ಬಿಗಿಹಿಡಿಯುವ ಅಭ್ಯಾಸ ಡ್ರಮ್ಮರ್‌ಗಳಲ್ಲಿ ಸಾಮಾನ್ಯ. ಅದು ಹಾಡುವಾಗಲೂ ಬಂದುಬಿಡುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಸಾಹಿತ್ಯದ ಹಾಳೆಯಲ್ಲೇ ಗುರುತು ಹಾಕಿ. ಶ್ರುತಿ ಇಳಿಸಿದ ಮೇಲೂ ಗಂಟಲು ನೋಯುತ್ತಿದ್ದರೆ ವೈದ್ಯರನ್ನು ಕಾಣಿ. ಇಷ್ಟು ವರ್ಷ ಡ್ರಮ್ಸ್‌ನ ಲೋಹದ ತಟ್ಟೆಗಳಾದ ಸಿಂಬಲ್ ಪಕ್ಕ ಕೂತಿದ್ದೀರಿ, ಕಿವಿಯನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ.

ಬಡಕಲು ದನಿಗೆ ಮದ್ದು ಮೈಕ್ ಇಡುವ ರೀತಿಯಲ್ಲಿದೆ. ಬಾಯಿಂದ 15ರಿಂದ 20 ಸೆಂಟಿಮೀಟರ್, ಅಂದರೆ ಗೇಣಿಗಿಂತ ಸ್ವಲ್ಪ ಕಡಿಮೆ ದೂರ, ನಡುವೆ ‘ಪ’, ‘ಬ’ಗಳ ಗಾಳಿಯ ಹೊಡೆತ ತಡೆಯುವ ಜಾಲರಿ, ಅಂದರೆ ಪಾಪ್ ಫಿಲ್ಟರ್. ದೂರ ಹೋದಷ್ಟೂ ಕೋಣೆಯ ಮಾರ್ದನಿ ಸೇರಿ ದನಿ ತೆಳುವಾಗುತ್ತದೆ. ಹಾಡಲು ಸಾಮಾನ್ಯವಾಗಿ ಬಳಸುವ ಕಾರ್ಡಿಯಾಯ್ಡ್ ಮೈಕ್ ತನ್ನ ಎದುರಿನದನ್ನು ಹೆಚ್ಚು ಕೇಳುತ್ತದೆ, ಎದುರಿಗಿರುವುದು ನಿಮ್ಮ ಬೆನ್ನ ಹಿಂದಿನ ಗೋಡೆ. ಹಾಗಾಗಿ ದಪ್ಪ ಕಂಬಳಿಗಳನ್ನು ಮೊದಲು ಬೆನ್ನ ಹಿಂದೆ ನೇತುಹಾಕಿ, ಬಹಳ ಜನ ಮೈಕ್ ಹಿಂದೆ ಮಾತ್ರ ಕಟ್ಟಿ ಮೋಸಹೋಗುತ್ತಾರೆ. ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ 24 ಬಿಟ್ ಆರಿಸಿ, ಅತಿ ಜೋರಾದ ಸಾಲು ಅದರ ಮೀಟರ್‌ನಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ಒಳಗಿರಲಿ. ಹೆಡ್‌ಫೋನಿನ ಒಂದು ಕಿವಿ ತೆರೆದಿಟ್ಟರೆ ಶ್ರುತಿ ಕೈತಪ್ಪುವುದು ಕಡಿಮೆಯಾಗುತ್ತದೆ.

ಡ್ರಮ್ಸ್ ಎಲ್ಲಕ್ಕಿಂತ ಕೊನೆಯಲ್ಲಿ ಬರಲಿ, ಬಂದಾಗಲೂ ಕೈ ಬಿಗಿಹಿಡಿಯಿರಿ. ಮಾತಿನ ಸ್ಪಷ್ಟತೆ ಇರುವ 2ರಿಂದ 5 ಕಿಲೋಹರ್ಟ್ಸ್ ಜಾಗಕ್ಕೇ ಹೈಹ್ಯಾಟ್ (ಕಾಲಿನಿಂದ ತೆರೆದು ಮುಚ್ಚುವ ಜೋಡಿ ತಟ್ಟೆ), ಸಿಂಬಲ್‌ಗಳ ಸದ್ದೂ ಬಂದು ಬೀಳುತ್ತದೆ. ಚರಣದಲ್ಲಿ ಹೈಹ್ಯಾಟ್ ಬದಲು ಬ್ರಷ್ ಅಥವಾ ಶೇಕರ್ ಸಾಕು. ಸಾಲು ಮುಗಿದ ಕೂಡಲೇ ಖಾಲಿ ಜಾಗ ತುಂಬುವ ಪೆಟ್ಟುಗಳನ್ನು, ಅಂದರೆ ಫಿಲ್ ಹೊಡೆಯಬೇಡಿ. ಕೊನೆಯ ಪದ ಕೇಳುಗನ ಮನಸ್ಸಿಗೆ ಇಳಿಯುವ ಜಾಗ ಅದು.

ಹಳೆಯ ಗಿಟಾರಿಸ್ಟ್‌ನ ತಕರಾರಿನ ವಿಷಯಕ್ಕೆ ಬರೋಣ. ಹಾಡಿನ ಸಾಹಿತ್ಯ ಮತ್ತು ರಾಗದ ಹಕ್ಕು ಬೇರೆ, ರೆಕಾರ್ಡಿಂಗ್‌ನ ಹಕ್ಕು ಬೇರೆ. ಬ್ಯಾಂಡ್ ಕಾಲದ ರೆಕಾರ್ಡಿಂಗ್‌ನ ತುಣುಕನ್ನೂ ಬಳಸಬೇಡಿ, ಹೊಸದಾಗಿ ನುಡಿಸಿ. ಆ ಎರಡು ಹಾಡಿನ ರಾಗದಲ್ಲಿ ಅವನ ಕೊಡುಗೆ ನಿಜವಾಗಿ ಇದ್ದರೆ ಪಾಲು ಕೊಡಿ. ಹಾಡಿನ ಹೆಸರು, ಯಾರು ಏನು ಮಾಡಿದರು, ಒಟ್ಟು ನೂರರಲ್ಲಿ ಯಾರಿಗೆಷ್ಟು, ತಾರೀಖು, ಇಬ್ಬರ ಸಹಿ: ಒಂದು ಹಾಳೆ ಸಾಕು. ಸಹಿ ಬೀಳುವವರೆಗೆ ಅವೆರಡನ್ನೂ ಪಕ್ಕಕ್ಕಿಟ್ಟು ಉಳಿದ ಆರರಲ್ಲಿ ಒಂದನ್ನೇ ಮೊದಲು ಬಿಡಿ. ಹಾಡನ್ನು ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್‌ಗೆ ನಾಲ್ಕು ವಾರ ಮುಂಚೆ ಕೊಡಿ. ನಿಮ್ಮ ಹೆಸರಿನ ಬೇರೆ ಕಲಾವಿದರಿದ್ದಾರೆಯೇ ಎಂದು ಮೊದಲೇ ಹುಡುಕಿ, ಇಲ್ಲದಿದ್ದರೆ ಹಾಡು ಅವರ ಪುಟಕ್ಕೆ ಹೋಗಿ ಸೇರಬಹುದು.

ಹೊಸ ಬ್ಯಾಂಡಿಗೆ ಹೋಗಿ, ಸಂಪಾದನೆಗೂ ಕೈಗೂ ಒಳ್ಳೆಯದು. ಆದರೆ ಯಾವ ದಿನ ಬರುತ್ತೀರಿ, ಯಾವ ದಿನ ಇಲ್ಲ ಎಂಬುದನ್ನು ಒಪ್ಪಿಕೊಳ್ಳುವ ಮುನ್ನವೇ ಹೇಳಿಬಿಡಿ. ದನಿ ರೆಕಾರ್ಡ್ ಮಾಡುವ ಹಿಂದಿನ ದಿನ ರಿಹರ್ಸಲ್ ಒಪ್ಪಬೇಡಿ. ಡ್ರಮ್ಸ್ ಸದ್ದಿನ ಮೇಲೆ ಕೂಗಿ ಮಾತಾಡಿ ದಣಿದ ಗಂಟಲು ಮಾರನೆಯ ದಿನ ಮೇಲಿನ ಸ್ವರ ಮುಟ್ಟುವುದಿಲ್ಲ.