ಸೆಮಿನಾರಿಗೆ ಸ್ವಾಗತ ಭಾಷಣವೇಕೆ?

ಪ್ರಶ್ನೆ: ನಮ್ಮ ಸಂಶೋಧನಾ ಗುಂಪಿನ ವಾರದ ಸೆಮಿನಾರು ನಡೆಸುವ ಹೊಣೆ ಈ ವರ್ಷ ನನ್ನ ಪಾಲಿಗೆ ಬಂದಿದೆ. ಮೊದಲ ವಾರ ನಲವತ್ತು ಜನ ಬಂದಿದ್ದರು. ಆರನೆಯ ವಾರ ಬಂದವರು ಏಳೇ ಜನ. ಅವರಲ್ಲೂ ಇಬ್ಬರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹಿಂದಿನ ಬಾಗಿಲಿನಿಂದ ಹೊರಟುಬಿಟ್ಟರು. ಆಹ್ವಾನ ಪತ್ರಿಕೆಯ ಪ್ರತಿಯೊಂದನ್ನು ಜೊತೆಗಿಟ್ಟಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ?
ಒಬ್ಬ ಸಹಾಯಕ ಪ್ರಾಧ್ಯಾಪಕ, ಮೈಸೂರು

ಉತ್ತರ: ತಪ್ಪು ನಿಮ್ಮ ಆಹ್ವಾನ ಪತ್ರಿಕೆಯಲ್ಲೇ ಅಚ್ಚಾಗಿದೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವಿಕೆ, ಅತಿಥಿಗಳ ಪರಿಚಯ, ಅದಾದ ಮೇಲೆ ಐದನೆಯ ಸಾಲಿನಲ್ಲಿ ಉಪನ್ಯಾಸ, ಮತ್ತೆ ಅಧ್ಯಕ್ಷರ ನುಡಿ, ವಂದನಾರ್ಪಣೆ. ವರ್ಷಕ್ಕೊಮ್ಮೆ ನಡೆಯುವ ವಿಚಾರ ಸಂಕಿರಣಕ್ಕೆ ಇದು ಒಪ್ಪೀತು, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ವರದಿಗೆ ಫೋಟೋ ಬೇಕಾಗುತ್ತದೆಂಬುದೂ ನನಗೆ ಗೊತ್ತಿದೆ. ಆದರೆ ವಾರವಾರವೂ ಸೇರಬೇಕಾದ ಹದಿನೈದು ಜನರ ಗುಂಪಿಗೆ ಇಷ್ಟು ಉಪಚಾರ ಮಾಡಿದರೆ, ಬಂದವರು ತಮ್ಮನ್ನು ಸಭಿಕರೆಂದು ತಿಳಿದು ಸುಮ್ಮನೆ ಕೂರುತ್ತಾರೆ.

ಲ್ಯಾಟಿನ್ನಿನಲ್ಲಿ ಸೆಮಿನಾರಿಯಂ ಎಂದರೆ ಬೀಜ ಚೆಲ್ಲಿ ಸಸಿ ಎಬ್ಬಿಸುವ ಮಡಿ, ನಮ್ಮ ರೈತರು ಹೇಳುವ ಒಟ್ಟಲು ಪಾತಿ. ಜರ್ಮನಿಯ ವಿಶ್ವವಿದ್ಯಾನಿಲಯಗಳು ಈ ಹೆಸರನ್ನು ಬೋಧನೆಯ ಒಂದು ಪದ್ಧತಿಗೆ ಇಟ್ಟುಕೊಂಡವು. 1834ರಲ್ಲಿ ಕೋನಿಗ್ಸ್‌ಬರ್ಗ್‌ನಲ್ಲಿ ಫ್ರಾಂಜ್ ನಾಯ್ಮನ್ ಮತ್ತು ಕಾರ್ಲ್ ಯಾಕೋಬಿ ಗಣಿತ ಹಾಗೂ ಭೌತವಿಜ್ಞಾನದ ಸೆಮಿನಾರನ್ನು ಆರಂಭಿಸಿದಾಗ, ವಿದ್ಯಾರ್ಥಿ ಅಲ್ಲಿಗೆ ಬರುತ್ತಿದ್ದುದು ಕೇಳಿ ಹೋಗುವುದಕ್ಕಲ್ಲ, ತಾನೇ ಲೆಕ್ಕ ಬಿಡಿಸಿ ಕಲಿಯುವುದಕ್ಕೆ.

ಕೇಂಬ್ರಿಡ್ಜಿನಲ್ಲಿ ರಷ್ಯಾದ ಭೌತವಿಜ್ಞಾನಿ ಪ್ಯೋತರ್ ಕಪಿತ್ಸಾ 1922ರಲ್ಲಿ ಕಟ್ಟಿದ ಕ್ಲಬ್ಬಿನದು ಇನ್ನೂ ಸರಳವಾದ ಏರ್ಪಾಡು: ಮಂಗಳವಾರದ ಸಂಜೆ, ಕಾಲೇಜಿನ ಒಂದು ಕೊಠಡಿ, ಒಂದು ಕಪ್ಪುಹಲಗೆ. ಪರಮಾಣುವಿನೊಳಗಿನ ಕಣವಾದ ನ್ಯೂಟ್ರಾನ್ ಸಿಕ್ಕಿತೆಂಬ ಸುದ್ದಿಯನ್ನು ಜೇಮ್ಸ್ ಚಾಡ್ವಿಕ್ 1932ರ ಫೆಬ್ರವರಿಯಲ್ಲಿ ಆ ಸಣ್ಣ ಗುಂಪಿನೆದುರು ವಿವರಿಸಿದರು. ಅದಕ್ಕೆ ಶಾಲು, ಹಾರಗಳೇನೂ ಬೇಕಾಗಲಿಲ್ಲ.

ಆದ್ದರಿಂದ ಒಂದು ದಿನ, ಒಂದು ಹೊತ್ತು, ಒಂದು ಕೊಠಡಿ ಎಂದು ಗೊತ್ತುಮಾಡಿ. ಬುಧವಾರ ನಾಲ್ಕು ಗಂಟೆ ಎಂದಾದರೆ ಡೀನ್ ಬಂದರೂ ಬಾರದಿದ್ದರೂ ನಾಲ್ಕಕ್ಕೇ ತೊಡಗಿಸಿ. ದೊಡ್ಡ ಸಭಾಂಗಣ ಬೇಡ, ಇಪ್ಪತ್ತು ಕುರ್ಚಿಯ ಕೊಠಡಿಯಲ್ಲಿ ಹನ್ನೆರಡು ಜನ ಕುಳಿತರೆ ಅದು ತುಂಬಿದ ಮನೆ. ಇಡೀ ಸೆಮಿಸ್ಟರಿನ ಪಟ್ಟಿಯನ್ನು ಮೊದಲೇ ಗೋಡೆಗೆ ಅಂಟಿಸಿ, ಮಾತಾಡುವವರಿಂದ ಪಕ್ಕದ ಪ್ರಯೋಗಾಲಯದವರಿಗೂ ತಿಳಿಯುವಂಥ ನಾಲ್ಕು ಸಾಲಿನ ಸಾರಾಂಶವನ್ನು ಒಂದು ವಾರ ಮುಂಚೆಯೇ ಪಡೆಯಿರಿ. ಪ್ರೊಜೆಕ್ಟರಿನ ಕೇಬಲ್ಲನ್ನು ಹತ್ತು ನಿಮಿಷ ಮೊದಲು ಹೋಗಿ ನೀವೇ ಚುಚ್ಚಿ ನೋಡಿ. ಅಟೆಂಡರ್ ಬಂದು ನೋಡುತ್ತಾರೆಂದು ಕಾಯುತ್ತಾ ನಾನು ಕಳೆದ ಗಂಟೆಗಳನ್ನು ಕೂಡಿಸಿದರೆ ಒಂದು ಸೆಮಿಸ್ಟರ್ ಆದೀತು. ಹಾಜರಿ ಪುಸ್ತಕವನ್ನು ಬೀರುವಿನಲ್ಲಿಡಿ. ಚಹಾ ಮಾತ್ರ ಕೊನೆಯಲ್ಲಿರಲಿ, ಬಾಗಿಲಿನ ಹೊರಗಲ್ಲ, ಕೊಠಡಿಯೊಳಗೇ. ಅಸಲಿ ಚರ್ಚೆ ಶುರುವಾಗುವುದು ಲೋಟ ಕೈಗೆ ಬಂದ ಮೇಲೆ.

ಪ್ರಶ್ನೆ: ನಾನು ಸಸ್ಯಶಾಸ್ತ್ರದಲ್ಲಿ ಎರಡನೆಯ ವರ್ಷದ ಪಿಎಚ್‌ಡಿ ವಿದ್ಯಾರ್ಥಿನಿ, ಪಿಯುಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಸೆಮಿನಾರಿನಲ್ಲಿ ಅರ್ಧಕ್ಕರ್ಧ ತಿಳಿಯುವುದಿಲ್ಲ, ಕೇಳಲು ಬಾಯಿ ಬರುವುದಿಲ್ಲ. ಮುಂದಿನ ತಿಂಗಳು ನಾನೇ ಮಾತಾಡಬೇಕು.
ಶಿವಮೊಗ್ಗದ ಓದುಗರು

ಉತ್ತರ: ಅರ್ಧ ತಿಳಿಯದವರು ನೀವೊಬ್ಬರೇ ಅಲ್ಲ, ಮುಂದಿನ ಸಾಲಿನಲ್ಲಿ ತಲೆಯಾಡಿಸುತ್ತಿರುವವರೂ ಅದೇ ಪಾಡಿನವರು. ಮಾಸ್ಕೋದಲ್ಲಿ ಗಣಿತಜ್ಞ ಇಸ್ರೇಲ್ ಗೆಲ್ಫಾಂಡ್ 1943ರಿಂದ ಹಲವು ದಶಕಗಳ ಕಾಲ ಸೋಮವಾರದ ಸಂಜೆಗಳಲ್ಲಿ ನಡೆಸಿದ ಸೆಮಿನಾರಿನಲ್ಲಿ ಪರೀಕ್ಷಾ ಕೇಳುಗ ಎಂಬೊಂದು ಪಾತ್ರವಿತ್ತು. ಕಿರಿಯನೊಬ್ಬನನ್ನು ಗೊತ್ತುಮಾಡಿ, ಭಾಷಣದ ನಡುವೆ ತಡೆದು, ಈವರೆಗೆ ಏನು ತಿಳಿಯಿತು ಹೇಳು ಎಂದು ಅವರು ಕೇಳುತ್ತಿದ್ದರು. ಅವನಿಗೆ ತಿಳಿದಿಲ್ಲವೆಂದರೆ ಮಾತಾಡುವವರು ಮತ್ತೆ ವಿವರಿಸಬೇಕು. ಗೆಲ್ಫಾಂಡರ ಒರಟು ಮಾತು ನಮಗೆ ಬೇಡ, ಎಷ್ಟೋ ಜನ ಆ ಹಲಗೆಯ ಮುಂದೆ ಅವಮಾನಪಟ್ಟಿದ್ದಾರೆ. ಆ ಪಾತ್ರವನ್ನು ಮಾತ್ರ ನಮ್ಮ ಪ್ರತಿ ಗುಂಪೂ ಎರವಲು ಪಡೆಯಬಹುದು.

ದೊಡ್ಡ ಪ್ರಶ್ನೆಯನ್ನೇ ಕೇಳಬೇಕೆಂದಿಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ಹೊರಗಿನಿಂದ ಬಂದ ಹಿರಿಯರೊಬ್ಬರು ಗ್ರಾಫ್ ಒಂದನ್ನು ತೋರಿಸಿ ಮುಂದಿನ ಸ್ಲೈಡಿಗೆ ದಾಟಿದ್ದರು. ಮೊದಲ ವರ್ಷದ ಹುಡುಗಿಯೊಬ್ಬಳು, ಬೆಳಕೇ ಬೀಳದಿದ್ದಾಗಲೂ ಗೆರೆ ಸೊನ್ನೆಯಿಂದ ಏಕೆ ಹೊರಡುವುದಿಲ್ಲ ಎಂದು ಕೇಳಿದಳು. ಅವರು ಹಿಂದಕ್ಕೆ ಬಂದು ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು. ಉಪಕರಣ ತಾನಾಗಿಯೇ ತೋರಿಸುವ ಅಳತೆಯನ್ನು ಕಳೆಯುವುದೇ ಮರೆತಿತ್ತು. ಮುಂದಿನ ಮೂರು ಸ್ಲೈಡುಗಳನ್ನು ಅವರು ತೋರಿಸಲೇ ಇಲ್ಲ. ಈ ಅಕ್ಷದಲ್ಲಿರುವುದು ಏನು, ಎಷ್ಟು ಗಿಡಗಳ ಮೇಲೆ ಅಳೆದಿರಿ, ನೀರು ಕೊಡದ ಗಿಡಗಳನ್ನು ಹೋಲಿಕೆಗೆ ಇಟ್ಟಿದ್ದಿರಾ ಎಂಬ ಮೂರು ಪ್ರಶ್ನೆಗಳಲ್ಲಿ ಒಂದಾದರೂ ನಿಮ್ಮ ವಿಷಯದ ಬಹುತೇಕ ಎಲ್ಲ ಭಾಷಣಗಳಿಗೂ ಸಲ್ಲುತ್ತದೆ.

ನೀವು ಮಾತಾಡುವಾಗ ಮೊದಲ ಹತ್ತು ನಿಮಿಷವನ್ನು ಬೇರೆ ವಿಷಯದವರಿಗೆ ಮೀಸಲಿಡಿ, ಯಾವ ಗಿಡ, ಯಾವ ಕಾಡು, ಯಾವ ತೊಡಕು ಎಂಬುದು ಅಷ್ಟರಲ್ಲಿ ಬರಲಿ. ಕೊಠಡಿಯಲ್ಲಿರುವ ಎಲ್ಲರಿಗೂ ಕನ್ನಡ ಬರುವುದಾದರೆ ಕನ್ನಡದಲ್ಲೇ ವಿವರಿಸಿ, ಕ್ಲೋರೋಫಿಲ್ ಕ್ಲೋರೋಫಿಲ್ಲಾಗಿಯೇ ಇರಲಿ. ಒಬ್ಬರಿಗಾದರೂ ಕನ್ನಡ ಬಾರದಿದ್ದರೆ ಬಂದಷ್ಟು ಇಂಗ್ಲಿಷಿನಲ್ಲಿ, ಚಿಕ್ಕ ವಾಕ್ಯಗಳಲ್ಲಿ ಹೇಳಿ. ಬಿಡಿಸಿಕೊಳ್ಳಲಾಗದ ಫಲಿತಾಂಶವನ್ನು ಮುಚ್ಚಿಡಬೇಡಿ, ಅದನ್ನೇ ಮುಂದಿಡಿ. ಗುಂಪಿನಿಂದ ನಿಮಗೆ ಸಿಗಬಹುದಾದ ಸಹಾಯ ಇರುವುದು ಅಲ್ಲೇ. ಯುಜಿಸಿಯ 2022ರ ನಿಯಮಾವಳಿಯಂತೆ ಪ್ರಬಂಧ ಸಲ್ಲಿಸುವ ಮೊದಲು ನೀವು ಸಲಹಾ ಸಮಿತಿಯೆದುರು ಮಂಡನೆ ಮಾಡಬೇಕು, ಅಧ್ಯಾಪಕರೂ ಇತರ ಸಂಶೋಧನಾ ವಿದ್ಯಾರ್ಥಿಗಳೂ ಅಲ್ಲಿಗೆ ಬರಬಹುದು. ಅಲ್ಲಿ ಏಳುವ ಪ್ರಶ್ನೆಗಳನ್ನು ಮೂರು ವರ್ಷ ಮೊದಲೇ, ಅಂಕದ ಭಯವಿಲ್ಲದೆ ಕೇಳಿಸಿಕೊಳ್ಳುವುದು ಲಾಭವೇ ಹೊರತು ನಷ್ಟವಲ್ಲ.

ಪ್ರಶ್ನೆ: ವಿದ್ಯಾರ್ಥಿಗೆ ಕೇಳಿದ ಪ್ರಶ್ನೆಗೆಲ್ಲ ಮಾರ್ಗದರ್ಶಕರೇ ಎದ್ದು ಉತ್ತರ ಕೊಡುತ್ತಾರೆ. ಏನು ಮಾಡಬೇಕು?
ಧಾರವಾಡದ ಓದುಗರು

ಉತ್ತರ: ಪ್ರಶ್ನೋತ್ತರದ ಮೊದಲ ಹತ್ತು ನಿಮಿಷ ವಿದ್ಯಾರ್ಥಿಗಳೇ ಕೇಳಬೇಕು, ವಿದ್ಯಾರ್ಥಿಯೇ ಉತ್ತರಿಸಬೇಕು ಎಂದು ವರ್ಷದ ಮೊದಲ ಸೆಮಿನಾರಿನಲ್ಲೇ ಎಲ್ಲರೆದುರು ಘೋಷಿಸಿಬಿಡಿ. ನಿಯಮ ಮೊದಲೇ ಇದ್ದರೆ ಅದು ಯಾರೊಬ್ಬರನ್ನೂ ಕುರಿತದ್ದಾಗುವುದಿಲ್ಲ. ಆಮೇಲೂ ಅವರು ಎದ್ದರೆ, "ಸರ್, ಅವರ ಉತ್ತರ ಮುಗಿಯಲಿ" ಎನ್ನುವ ಕೆಲಸ ನಿರ್ವಾಹಕರದು. ಆ ಕೆಲಸಕ್ಕೆ ಅದೇ ವಿಭಾಗದ ಕಿರಿಯರಿಗಿಂತ ಪಕ್ಕದ ವಿಭಾಗದ ಹಿರಿಯರೊಬ್ಬರನ್ನು ಕೂರಿಸುವುದು ಲೇಸು.