ಪ್ರತಿಕ್ರಿಯೆ: ಅಧಿಕಾರಕ್ಕೆ ಬರುವವರೆಲ್ಲ ಸ್ವಾರ್ಥಿಗಳೇ?

ಅಧಿಕಾರ ಹಿಡಿದವರೆಲ್ಲ ಕೊನೆಗೆ ಸ್ವಾರ್ಥಿಗಳೇ ಆಗುವುದಾದರೆ ಪ್ರಾಮಾಣಿಕರನ್ನು ಹುಡುಕಿ ಆರಿಸುವುದರಲ್ಲಿ ಅರ್ಥವೇನು ಎಂದು ತಾವು ಕೇಳಿದ್ದೀರಿ. ಅರ್ಥವಿದೆ, ಆದರೆ ಸೇವೆ, ಸ್ವಾರ್ಥ ಎಂಬ ಎರಡೇ ಖಾನೆಗಳಲ್ಲಿ ಮನುಷ್ಯರನ್ನು ವಿಂಗಡಿಸುವುದು ನನಗೆ ಸರಿಕಾಣುವುದಿಲ್ಲ.

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1919ರಲ್ಲಿ ಮ್ಯೂನಿಕ್‌ನಲ್ಲಿ ನೀಡಿದ ಉಪನ್ಯಾಸದಲ್ಲಿ ರಾಜಕೀಯಕ್ಕಾಗಿ ಬದುಕುವವರು, ರಾಜಕೀಯದಿಂದ ಬದುಕುವವರು ಎಂಬ ಭೇದವನ್ನು ಗುರುತಿಸಿದರೂ, ಸಾಮಾನ್ಯವಾಗಿ ಒಬ್ಬನೇ ವ್ಯಕ್ತಿ ಎರಡನ್ನೂ ಮಾಡುತ್ತಾನೆ ಎಂದರು. ಸಂಬಳವಿಲ್ಲದ ರಾಜಕೀಯ ಉಳ್ಳವರ ಸ್ವತ್ತಾಗುತ್ತದೆ ಎಂಬ ಅವರ ವಿವೇಚನೆಯನ್ನು, ಜನಪ್ರತಿನಿಧಿಗಳ ವೇತನವನ್ನು ಹಳಿಯುವಾಗ ನಾವು (ನಾನೂ ಸೇರಿದಂತೆ) ಮರೆಯುತ್ತೇವೆ.

1986ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಜೇಮ್ಸ್ ಬುಕಾನನ್ ಅವರ ವಾದ ಇನ್ನಷ್ಟು ನಿಷ್ಠುರವಾದದ್ದು: ಮಾರುಕಟ್ಟೆಯಲ್ಲಿ ತನ್ನ ಲಾಭ ನೋಡುವ ಮನುಷ್ಯ ಸರ್ಕಾರಿ ಕುರ್ಚಿಯಲ್ಲಿ ಕುಳಿತ ಮಾತ್ರಕ್ಕೆ ಬೇರೊಬ್ಬನಾಗುವುದಿಲ್ಲ, ಆದ್ದರಿಂದ ಒಳ್ಳೆಯವರನ್ನು ಹುಡುಕುವುದಕ್ಕಿಂತ ನಿಯಮಗಳನ್ನು ಬಿಗಿಯಾಗಿ ರೂಪಿಸುವುದೇ ಮುಖ್ಯ. ಹೊಸ ಸೇತುವೆಯ ಉದ್ಘಾಟನೆಗೆ ಇರುವ ಉತ್ಸಾಹ ಹಳೆಯ ಸೇತುವೆಯ ದುರಸ್ತಿಗೆ ಏಕಿಲ್ಲ ಎಂಬುದನ್ನು ಈ ನೋಟ ಚೆನ್ನಾಗಿ ವಿವರಿಸುತ್ತದೆ. ದುರಸ್ತಿಯಿಂದ ಮತ ಬರುವುದಿಲ್ಲ.

ಆದರೂ ಇದು ಎಲ್ಲವನ್ನೂ ವಿವರಿಸಲಾರದು. ಬ್ರಿಟನ್ನಿನ ಪ್ರಧಾನಿ ರಾಬರ್ಟ್ ಪೀಲ್ 1846ರಲ್ಲಿ ಆಮದು ಧಾನ್ಯದ ಮೇಲಿನ ಸುಂಕದ ಕಾಯಿದೆಗಳನ್ನು ತಮ್ಮದೇ ಪಕ್ಷದ ಬಹುಪಾಲು ಸದಸ್ಯರ ವಿರೋಧದ ನಡುವೆ ರದ್ದುಪಡಿಸಿದರು. ಪಕ್ಷ ಒಡೆಯಿತು, ಅದೇ ವರ್ಷ ಅವರು ಅಧಿಕಾರವನ್ನೂ ಕಳೆದುಕೊಂಡರು.