ಹಳೇ ಅಂಟು ಬಿಡಿಸೋದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಆಯುಧ ಪೂಜೆಗೆ ಅಂತ ಅಂಟಿಸಿದ್ದು ದೀಪಾವಳಿಗೆ ಮನೆ ಕ್ಲೀನ್ ಮಾಡುವಾಗ ಕಣ್ಣಿಗೆ ಬೀಳತ್ತೆ ಅನ್ನೋದು ಈ ಸಲ ಬಂದಿರೋ ಪತ್ರ, ಮೆಸೇಜು ನೋಡಿದ್ರೆ ಗೊತ್ತಾಗತ್ತೆ. ಟೇಪು, ಸ್ಟಿಕರ್ರು, ಫಿಲಮ್ಮು, ಎಲ್ಲಾ ಅಂಟಿನ ಸಮಸ್ಯೆನೇ. ಹಾಗಾಗಿ ಈ ವಾರದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನಮ್ಮಮ್ಮನ ಮದುವೇಲಿ ಕೊಟ್ಟ ಕಬ್ಬಿಣದ ಬೀರು ಇದೆ. ಮಕ್ಕಳು ಚಿಕ್ಕೋರಿದ್ದಾಗ ಬಾಗಿಲ ತುಂಬಾ ಕಾರ್ಟೂನ್ ಸ್ಟಿಕರ್ ಅಂಟಿಸಿದ್ರು, ಮೇಲಿನ ಪೇಪರ್ ಯಾವತ್ತೋ ಹೋಯ್ತು, ಕೆಳಗಿನ ಅಂಟು ಮಾತ್ರ ಹಳದಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಕೂತಿದೆ, ಸುತ್ತ ಕಪ್ಪು ಅಂಚು ಬೇರೆ. ಚಾಕುವಿನಿಂದ ಕೆರೆದ್ರೆ ಪೇಂಟೇ ಎದ್ದು ಬರ್ತಿದೆ. ನೇಲ್ ಪಾಲಿಶ್ ರಿಮೂವರ್ ಹಾಕ್ಬಹುದಾ? — ಶಿವಮೊಗ್ಗದ ಓದುಗರು

ಉತ್ತರ: ರಿಮೂವರ್ ಬೇಡವೇ ಬೇಡ, ಚಾಕುನೂ ಒಳಗಿಡಿ. ರಿಮೂವರ್‌ನಲ್ಲಿ ಹೆಚ್ಚಾಗಿ ಇರೋದು ಅಸಿಟೋನ್, ಅದಕ್ಕೆ ಅಂಟು ಯಾವ್ದು ಪೇಂಟ್ ಯಾವ್ದು ಅನ್ನೋ ಭೇದ ಇಲ್ಲ, ಎರಡನ್ನೂ ಕರಗಿಸತ್ತೆ. ಪೇಂಟ್ ಅಂಗಡಿಯ ಥಿನ್ನರ್ ಕೂಡ ಅದೇ ಜಾತಿ. ಅಂಥಾ ಬೀರು ಈಗ ದುಡ್ಡು ಕೊಟ್ರೂ ಸಿಗಲ್ಲ, ಅದರ ಮೂಲ ಬಣ್ಣ ಉಳೀಬೇಕು ಅಂದ್ರೆ ನಿಧಾನದ ದಾರಿನೇ ಹಿಡೀಬೇಕು.

ಮೊದಲು ಅಲ್ಲಿ ಏನಾಗಿದೆ ಅಂತ ತಿಳ್ಕೊಳ್ಳಿ, ಆಮೇಲೆ ಕೆಲಸ ಸುಲಭ. ಹಳೇ ಸ್ಟಿಕರ್, ಹಳೇ ಟೇಪುಗಳ ಅಂಟು ಬಹಳಷ್ಟು ಸಲ ರಬ್ಬರಿಂದು, ಅದಕ್ಕೆ ಜಿಗುಟು ಬರ್ಲಿ ಅಂತ ರಾಳ ಸೇರಿಸಿರ್ತಾರೆ. ವರ್ಷಗಟ್ಟಲೆ ಗಾಳಿ ಬೆಳಕು ತಾಗಿದ ಹಾಗೆ ಆ ರಬ್ಬರ್ ಆಕ್ಸಿಜನ್ ಜೊತೆ ಸೇರಿ ಕೆಟ್ಟು ಮೊದಲು ಮೆತ್ತಗಾಗತ್ತೆ, ಆ ಹೊತ್ತಲ್ಲೇ ಧೂಳು ಹಿಡ್ಕೊಂಡು ಕಪ್ಪು ಅಂಚು ಆಗೋದು, ಆಮೇಲೆ ಹಳದಿಯಾಗಿ ಒಣಗಿ ಗಟ್ಟಿಯಾಗತ್ತೆ. ಹೀಗಾದ ಮೇಲೆ ನೀರು, ಸೋಪು ಏನೂ ಮಾಡಲ್ಲ. ಅದಕ್ಕೆ ಎಣ್ಣೆನೇ ಬೇಕು. ಹಲಸಿನ ಹಣ್ಣು ಬಿಡಿಸೋಕೆ ಮುಂಚೆ ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಸವರ್ಕೊಳ್ತೀವಲ್ಲ, ಮೇಣ ಹತ್ತಿದ ಕೈಯನ್ನ ಎಷ್ಟು ಸೋಪು ಹಾಕಿ ಉಜ್ಜಿದ್ರೂ ಹೋಗಲ್ಲ, ಎಣ್ಣೆ ತಿಕ್ಕಿದ್ರೆ ಜಾರಿ ಬರತ್ತೆ, ಇಲ್ಲೂ ಅದೇ ಲೆಕ್ಕ.

ಹಳೇ ಕಾಟನ್ ಬಟ್ಟೆ ತುಂಡನ್ನ ಕೊಬ್ಬರಿ ಎಣ್ಣೇಲಿ ಚೆನ್ನಾಗಿ ಅದ್ದಿ ಅಂಟಿನ ಮೇಲೆ ಹರಡಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಇಟ್ಟು ಟೇಪ್ ಹಾಕದೆ ಕಟ್ಟಿಡಿ, ಅಥವಾ ಬೀರು ಬಾಗಿಲು ಕಳಚಿ ಮಲಗಿಸೋಕೆ ಬಂದ್ರೆ ಇನ್ನೂ ಒಳ್ಳೇದು. ರಾತ್ರಿಯೆಲ್ಲಾ ಬಿಡಿ. ಜನ ಸೋಲೋದು ಇಲ್ಲೇ, ಎಣ್ಣೆ ಹಚ್ಚಿ ಐದು ನಿಮಿಷಕ್ಕೆ ಕೆರೆಯೋಕೆ ಶುರು ಮಾಡ್ತಾರೆ, ಹೋಗ್ಲಿಲ್ಲ ಅಂತ ಥಿನ್ನರ್ ತರ್ತಾರೆ. ಎಣ್ಣೆ ಅಂಚಿನಿಂದ ಒಳಗೆ ಇಳೀಬೇಕು, ಅಂಟು ಉಬ್ಬಬೇಕು, ಅದಕ್ಕೆ ಹೊತ್ತು ಬೇಕು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿರತ್ತೆ (24 ಡಿಗ್ರಿ ಆಸುಪಾಸು ಇಳಿದ್ರೆ ಸಾಕು), ಆಗ ಬಾಟ್ಲಿನ ಬಿಸಿನೀರಲ್ಲಿಟ್ಟು ಕರಗಿಸ್ಕೊಳ್ಳಿ.

ಬೆಳಿಗ್ಗೆ ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಮೆಲ್ಲಗೆ ತಳ್ಳಿ. ಮೊದಲು ಬರೋದು ಸುರುಳಿ ಸುರುಳಿ ಕಂದು ಕೊಳೆ, ಕೆಳಗೆ ಇನ್ನೊಂದು ತೆಳು ಪದರ ಜಿಗುಟಾಗಿ ಉಳೀತದೆ. ಅದರ ಮೇಲೆ ಒಂದು ಚಿಟಿಕೆ ಅಕ್ಕಿ ಹಿಟ್ಟು ಉದುರಿಸಿ ಬೆರಳಿನಿಂದ ಉಜ್ಜಿ, ಹಿಟ್ಟು ಎಣ್ಣೆ ಹೀರ್ಕೊಂಡು ಅಂಟನ್ನ ಕಡ್ಡಿ ಕಡ್ಡಿಯಾಗಿ ಎಬ್ಬಿಸತ್ತೆ. ಆಮೇಲೂ ಉಳಿದ್ರೆ ನೀಲಗಿರಿ ಎಣ್ಣೆ ಹತ್ತಿಗೆ ಹಚ್ಚಿ ಒರೆಸಿ, ಅದು ಕೊಬ್ಬರಿ ಎಣ್ಣೆಗಿಂತ ಬಹಳ ಚುರುಕು, ಹಾಗಾಗಿ ಮೊದಲು ಬೀರು ಹಿಂಭಾಗದಲ್ಲೆಲ್ಲಾದ್ರೂ ಒಂದು ಚುಕ್ಕಿ ಹಚ್ಚಿ ಹತ್ತಿಗೆ ಬಣ್ಣ ಬರತ್ತಾ ನೋಡಿ. ಕೊನೇಲಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದ ಬಿಸಿನೀರಿನ ಬಟ್ಟೆಯಿಂದ ಒರೆಸಿಬಿಡಿ, ಇಲ್ದಿದ್ರೆ ಆ ಎಣ್ಣೆಗೇ ಮತ್ತೆ ಧೂಳು ಕೂರತ್ತೆ. ಒಂದು ಮಾತು, ಸ್ಟಿಕರ್ ಇದ್ದ ಜಾಗದ ಬಣ್ಣ ಬಿಸಿಲು ಕಾಣದೆ ಗಾಢವಾಗಿ ಉಳಿದಿರತ್ತೆ, ಅದು ಅಂಟಲ್ಲ, ಅದನ್ನ ಉಜ್ಜಬೇಡಿ.

ಪ್ರಶ್ನೆ: ಹೊಸಾ ಸ್ಟೀಲ್ ತಾಟು, ಡಬ್ಬಿ ತಂದೇವ್ರಿ. ಸ್ಟಿಕರ್ ಕಿತ್ರ ಅರ್ಧಾ ಬರ್ತೈತಿ, ಅರ್ಧಾ ಅಲ್ಲೇ ಉಳೀತೈತಿ, ಏನ್ ಮಾಡ್ಬೇಕ್ರಿ? — ಹುಬ್ಬಳ್ಳಿ

ಉತ್ತರ: ಕೀಳೋಕೆ ಮೊದಲೇ ಸ್ಟಿಕರ್ ಇರೋ ಜಾಗದ ಹಿಂದಿನಿಂದ ಗ್ಯಾಸಿನ ಸಣ್ಣ ಉರಿ ಮೇಲೆ ಕೆಲವೇ ಸೆಕೆಂಡು ತೋರಿಸಿ, ಬಿಸಿಗೆ ಅಂಟು ಮೆತ್ತಗಾಗಿ ಪೂರ್ತಿ ಹಾಳೆ ಒಂದೇ ಸಲಕ್ಕೆ ಬರತ್ತೆ. ಸ್ಟೀಲಿನ ಅಂಚನ್ನ ಬಟ್ಟೆಯಿಂದ ಹಿಡೀರಿ. ಈಗಾಗ್ಲೇ ಉಳಿದಿದ್ದಕ್ಕೆ ಅಡುಗೆ ಎಣ್ಣೆ ಮತ್ತು ಅಡುಗೆ ಸೋಡಾ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ತಿಕ್ಕಿ. ಪ್ಲಾಸ್ಟಿಕ್ ಮುಚ್ಚಳ, ನಾನ್‌ಸ್ಟಿಕ್, ಗಾಜಿನ ಪಾತ್ರೆಗೆ ಉರಿ ತೋರಿಸ್ಬೇಡಿ. ಗಾಜಿನ ಬಾಟ್ಲಿಯಾದ್ರೆ ಬಿಸಿನೀರಲ್ಲಿ ನೆನೆಹಾಕಿದ್ರೆ ಸಾಕು.

ಪ್ರಶ್ನೆ: ಗೃಹಪ್ರವೇಶದಲ್ಲಿ ತೋರಣ ಕಟ್ಟೋಕೆ ಅಂತ ಸಾಗುವಾನಿ ಬಾಗಿಲ ಚೌಕಟ್ಟಿಗೆ ದಪ್ಪ ಡಬಲ್ ಟೇಪ್ ಹಾಕಿದ್ರು. ಈಗ ಅದರ ಸ್ಪಂಜು ಅಲ್ಲೇ ಹಿಡ್ಕೊಂಡಿದೆ. ಸ್ಯಾನಿಟೈಸರ್ ಹಾಕಿ ಒರೆಸಿದ್ರೆ ಪಾಲಿಶ್ ಬೆಳ್ಳಗಾಯ್ತು. — ಮಂಗಳೂರು

ಉತ್ತರ: ಸ್ಯಾನಿಟೈಸರ್‌ನಲ್ಲಿ 70 ಪರ್ಸೆಂಟ್ ಆಸುಪಾಸು ಆಲ್ಕೋಹಾಲ್ ಇರತ್ತೆ, ನಿಮ್ಮ ಚೌಕಟ್ಟಿಗೆ ಬಹುಶಃ ಅರಗಿನ ಫ್ರೆಂಚ್ ಪಾಲಿಶ್ ಹಾಕಿದ್ದಾರೆ. ಆ ಪಾಲಿಶ್ ತಯಾರಾಗೋದೇ ಅರಗನ್ನ ಸ್ಪಿರಿಟ್ಟಲ್ಲಿ (ಅದೂ ಆಲ್ಕೋಹಾಲೇ) ಕರಗಿಸಿ, ಅಂದ್ಮೇಲೆ ಸ್ಪಿರಿಟ್ ಬಿದ್ರೆ ಅದು ಮತ್ತೆ ಕರಗತ್ತೆ. ಬೆಳ್ಳಗಾದ ಜಾಗಕ್ಕೆ ಮುಂದೆ ಪಾಲಿಶ್ ಮಾಡೋರಿಂದ ಒಂದು ಕೈ ಹೊಡೆಸಿದ್ರೆ ಸರಿಹೋಗತ್ತೆ, ಆ ಬಗ್ಗೆ ಚಿಂತೆ ಬೇಡ.

ಸ್ಪಂಜಿಗೆ ಹೇರ್ ಡ್ರೈಯರ್ ಹಿಡೀರಿ, ಒಂದೇ ಕಡೆ ನಿಲ್ಲಿಸದೆ ಆಡಿಸ್ತಾ ಒಂದೆರಡು ನಿಮಿಷ. ಆಮೇಲೆ ಮೀನು ಹಿಡಿಯೋ ನೈಲಾನ್ ದಾರ, ಮಂಗಳೂರಲ್ಲಿ ಅದಕ್ಕೇನು ಬರ, ಎರಡೂ ತುದಿ ಬೆರಳಿಗೆ ಸುತ್ತಿ ಸ್ಪಂಜು ಮತ್ತು ಮರದ ನಡುವೆ ಇಟ್ಟು ಗರಗಸದ ಹಾಗೆ ಎಳೀರಿ. ಸ್ಪಂಜು ಕಚಕ್ಕನೆ ತುಂಡಾಗಿ ಬರತ್ತೆ, ಮರಕ್ಕೆ ಒಂದು ಗೀರೂ ಬೀಳಲ್ಲ. ಗೋಡೆಗೆ ಅಂಟಿಸಿದ ಹುಕ್ಕು, ಕನ್ನಡಿಗೂ ಇದೇ ಉಪಾಯ, ಎಳೆದು ಕಿತ್ರೆ ಪುಟ್ಟಿ ಸಮೇತ ಬರತ್ತೆ. ಉಳಿದ ತೆಳು ಅಂಟಿಗೆ ಕೊಬ್ಬರಿ ಎಣ್ಣೆ, ಹಾಗೇ ಮರದ ಎಳೆ ಹೋದ ದಿಕ್ಕಿಗೇ ಒರೆಸಿ.

ಪ್ರಶ್ನೆ: ಅಡುಗೆ ಮನೆ ಕಪ್ಪು ಗ್ರಾನೈಟ್ ಮೇಲೆ ಟೇಪಿನ ಅಂಟು, ಹಾಲ್‌ನ ಕಾವಿ ನೆಲದ ಮೇಲೆ ಕಾರ್ಪೆಟ್ ಅಡಿಗೆ ಹಾಕಿದ್ದ ಟೇಪಿನ ಅಂಟು. ಎರಡಕ್ಕೂ ಒಂದೇ ಔಷಧಿನಾ? ವಿನಿಗರ್ ಹಾಕಿ ಅಂತಾರಲ್ಲ? — ಮೈಸೂರು

ಉತ್ತರ: ಒಂದೇ ಅಲ್ಲ. ಗ್ರಾನೈಟಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರ ಇರತ್ತೆ, ರಾತ್ರಿಯೆಲ್ಲಾ ಎಣ್ಣೆ ಬಿಟ್ರೆ ಅದು ಕುಡ್ಕೊಂಡು ಕಲೆ ಆಗತ್ತೆ, ತಿಳಿ ಬಣ್ಣದ ಕಲ್ಲಲ್ಲಂತೂ ಎದ್ದು ಕಾಣತ್ತೆ. ಅಲ್ಲಿಗೆ ಸ್ಪಿರಿಟ್ ಅಥವಾ ನೇಲ್ ಪಾಲಿಶ್ ರಿಮೂವರ್ ಹತ್ತಿಗೆ ಹಾಕಿ ಒರೆಸಿ, ಕಲ್ಲಿಗೆ ಏನೂ ಆಗಲ್ಲ, ಆದ್ರೆ ಸ್ಟೌ ಆಫ್ ಇರಬೇಕು, ದೇವರ ದೀಪವೂ ಹತ್ತಿರ ಇರಬಾರದು, ಕಿಟಕಿ ತೆಗೆದಿರಬೇಕು. ಆಗ್ಲೇ ಎಣ್ಣೆ ಕಲೆ ಆಗಿದ್ರೆ ಅಡುಗೆ ಸೋಡಾ ನೀರಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಹಚ್ಚಿ ಪ್ಲಾಸ್ಟಿಕ್ ಮುಚ್ಚಿ ಮಾರನೇ ದಿನ ತೆಗೀರಿ, ಬೇಕಾದ್ರೆ ಇನ್ನೊಂದು ಸಲ.

ಕಾವಿ ನೆಲದ ವಿಷಯ ಉಲ್ಟಾ. ಅದಕ್ಕೆ ಹಿಂದಿನಿಂದಲೂ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿಯೇ ಹೊಳಪು ತರ್ತಿದ್ದಿದ್ದು, ಎಣ್ಣೆ ಧಾರಾಳ ಹಚ್ಚಿ, ಅಂಟೂ ಹೋಗತ್ತೆ ನೆಲನೂ ಮಿಂಚತ್ತೆ, ಜಾರದ ಹಾಗೆ ಕೊನೇಲಿ ಒರೆಸೋದು ಮರೀಬೇಡಿ. ಇನ್ನು ವಿನಿಗರ್, ನಿಂಬೆ, ಹುಣಸೆ ಇವೆಲ್ಲ ಆಮ್ಲ. ಇವು ರಬ್ಬರ್ ಅಂಟಿಗೆ ಏನೂ ಮಾಡಲ್ಲ, ಬದಲಿಗೆ ಕಾವಿ ನೆಲದ ಸಿಮೆಂಟನ್ನ, ಮಾರ್ಬಲ್ಲನ್ನ ತಿಂದು ಮಂಕು ಮಾಡ್ತವೆ. ವಿನಿಗರ್ ಕೆಲಸಕ್ಕೆ ಬರೋದು ಬಿಳಿ ಫೆವಿಕಾಲ್ ಒಣಗಿದ ಕಡೆ, ಬಿಸಿ ವಿನಿಗರ್ ಬಟ್ಟೆ ಇಟ್ರೆ ಅದು ಮೆತ್ತಗಾಗತ್ತೆ. ಮೈದಾ ಅಂಟಿಗಾದ್ರೆ ಬರೀ ಬಿಸಿನೀರು ಸಾಕು. ವಿನಿಗರ್‌ನ ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಜೊತೆ ಮಾತ್ರ ಸೇರಿಸ್ಬೇಡಿ, ಕ್ಲೋರಿನ್ ಗಾಳಿ ಏಳತ್ತೆ, ಅದು ಶ್ವಾಸಕೋಶಕ್ಕೆ ಅಪಾಯ.

ಪ್ರಶ್ನೆ: ತಾತನ ಕಾಲದ ಒಂದು ಪುಸ್ತಕ, ಹರಿದ ಪುಟಗಳಿಗೆ ಯಾರೋ ಸೆಲೋ ಟೇಪ್ ಹಾಕಿದ್ದಾರೆ. ಟೇಪು ಕಂದು ಬಣ್ಣ ಆಗಿ ಅಕ್ಷರನೇ ಕಾಣ್ತಿಲ್ಲ. ಎಣ್ಣೆ ಹಚ್ಚಿ ತೆಗೀಲಾ? — ಧಾರವಾಡ

ಉತ್ತರ: ದಯವಿಟ್ಟು ಬೇಡ. ಮೇಲೆ ಹೇಳಿದ ಯಾವ ಉಪಾಯನೂ ಕಾಗದಕ್ಕಲ್ಲ. ಎಣ್ಣೆ ಒಂದು ಹನಿ ಬಿದ್ರೂ ಹಿಂದಿನ ನಾಲ್ಕು ಪುಟಕ್ಕೆ ಇಳಿಯತ್ತೆ, ಅದನ್ನ ವಾಪಸ್ ತೆಗೆಯೋಕೆ ಆಗಲ್ಲ.

ಪಾರದರ್ಶಕ ಸೆಲೋಫೇನ್ ಟೇಪ್ ಬಂದಿದ್ದು 1930ರಲ್ಲಿ, ಅಮೆರಿಕದ 3ಎಂ ಕಂಪ್ನಿಯ ರಿಚರ್ಡ್ ಡ್ರೂ ಅನ್ನೋರು ಮಾಡಿದ್ದು. ಹರಿದ ಹಾಳೆಗೆ ಇದಕ್ಕಿಂತ ಸುಲಭ ಇನ್ನೊಂದಿಲ್ಲ ಅಂತ ಪ್ರಪಂಚದ ಲೈಬ್ರರಿಗಳೇ ಹಚ್ಕೊಂಡ್ವು. ಆಮೇಲೆ ಗೊತ್ತಾಯ್ತು, ಅದರ ರಬ್ಬರ್ ಅಂಟು ಕಾಲ ಕಳೆದ ಹಾಗೆ ಎಣ್ಣೆ ಎಣ್ಣೆಯಾಗಿ ಕಾಗದದ ನಾರಿನೊಳಗೇ ಇಳಿದು, ಕೊನೆಗೆ ಮೇಲಿನ ಪಟ್ಟಿ ತಾನಾಗೇ ಉದುರಿ ಕಂದು ಕಲೆ ಮಾತ್ರ ಶಾಶ್ವತವಾಗಿ ಉಳಿಯತ್ತೆ ಅಂತ. ನಿಮ್ಮ ಪುಸ್ತಕದಲ್ಲಿ ಟೇಪಿನ ಅಂಚು ತಾನಾಗೇ ಎದ್ದಿದ್ರೆ ಆ ಎದ್ದ ಪಟ್ಟಿಯನ್ನ ಮಾತ್ರ, ಪುಟಕ್ಕೆ ಹತ್ತಿರವಾಗಿ ಮಡಚಿದ ಹಾಗೆ, ಎಳೆಯದೆ ಮೆಲ್ಲಗೆ ತೆಗೀಬಹುದು. ಗಟ್ಟಿ ಹಿಡಿದಿದ್ದನ್ನ ಮುಟ್ಬೇಡಿ, ಅಕ್ಷರ ಅದರ ಜೊತೇನೇ ಎದ್ದು ಬರತ್ತೆ. ಪುಟಗಳ ನಡುವೆ ಬಿಳಿ ತೆಳು ಹಾಳೆ ಇಟ್ರೆ ಪಕ್ಕದ ಪುಟಕ್ಕೆ ಅಂಟು ಹತ್ತಲ್ಲ, ಬಿಸಿಲು ತಾಗದ ಕಡೆ ಇಡಿ. ಪುಸ್ತಕ ನಿಮಗೆ ಅಷ್ಟು ಮುಖ್ಯ ಅಂದ್ರೆ ಬೆಂಗಳೂರಲ್ಲಿ ಕಲೆ, ಪರಂಪರೆ ಕಾಪಾಡೋ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ, ಅಲ್ಲಿ ವಿಚಾರಿಸಿ, ಈ ಕೆಲಸಕ್ಕೆ ಕಲಿತವರ ಕೈಯೇ ಬೇಕು. ಇನ್ಮುಂದೆ ಹರಿದ್ರೆ ಟೇಪ್ ಬೇಡ, ಕಲಿತವರು ಬಳಸೋದು ಗೋಧಿ ಗಂಜಿಯ ಅಂಟು ಮತ್ತು ಜಪಾನಿನ ತೆಳು ಕಾಗದ, ಯಾಕಂದ್ರೆ ನೂರು ವರ್ಷ ಆದ್ಮೇಲೂ ಅದನ್ನ ನೀರು ಹಾಕಿ ಬಿಡಿಸ್ಬಹುದು.

ಪ್ರಶ್ನೆ: ಹಳೇ ಕಾರು ತಗೊಂಡೆ, ಹಿಂದಿನೋರು ಗಾಜಿನ ಕಪ್ಪು ಫಿಲಂ ಕಿತ್ತಿದ್ದಾರೆ ಆದ್ರೆ ಅಂಟು ಹಾಗೇ ಬಿಟ್ಟಿದ್ದಾರೆ, ರಾತ್ರಿ ಎದುರಿನ ಲೈಟ್ ಬಿದ್ರೆ ಏನೂ ಕಾಣಲ್ಲ. — ಬೆಂಗಳೂರು

ಉತ್ತರ: 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲಂ ಬೇಡ ಅಂದಾಗ ರಸ್ತೆಯಲ್ಲೇ ಎಷ್ಟೋ ಕಾರಿನ ಫಿಲಂ ಕಿತ್ತಿದ್ದು ನೆನಪಿದೆ, ಹಾಗೆ ಅವಸರದಲ್ಲಿ ಕಿತ್ರೆ ಅಂಟು ಉಳಿಯೋದೇ. ಫಿಲಂ ಅಂಟು ಬಹುತೇಕ ಅಕ್ರಿಲಿಕ್, ಅದಕ್ಕೆ ಎಣ್ಣೆಗಿಂತ ಸೋಪು ನೀರು, ಸ್ಪಿರಿಟ್ ವಾಸಿ. ಕಾರನ್ನ ಬಿಸಿಲಲ್ಲಿ ನಿಲ್ಲಿಸಿ, ಗಾಜಿನ ಒಳಗಡೆ ದಟ್ಟ ಸೋಪು ನೀರು ಸ್ಪ್ರೇ ಮಾಡಿ ಕಪ್ಪು ಕಸದ ಚೀಲ ಕತ್ತರಿಸಿ ಮೇಲೆ ಅಂಟಿಸಿ ಒಂದು ಗಂಟೆ ಬಿಡಿ, ಒಳಗೆ ಹಬೆಯಾಗಿ ಅಂಟು ಮೆತ್ತಗಾಗತ್ತೆ. ಸೈಡ್ ಗಾಜಿಗೆ ಹೊಸ ಬ್ಲೇಡನ್ನ ಮಲಗಿಸಿ ಹಿಡಿದು, ಗಾಜು ಒದ್ದೆ ಇರುವಾಗ್ಲೇ ಒಂದೇ ದಿಕ್ಕಿಗೆ ತಳ್ಳಿ. ಹಿಂದಿನ ಗಾಜಿಗೆ ಮಾತ್ರ ಬ್ಲೇಡ್ ಬೇಡ, ಅಲ್ಲಿ ಮಂಜು ತೆಗೆಯೋ ತೆಳು ತಂತಿಗೆರೆಗಳಿರ್ತವೆ, ಒಂದು ಗೆರೆ ಕತ್ತರಿಸಿದ್ರೂ ಆ ಗೆರೆ ಕೆಲಸ ಮಾಡಲ್ಲ. ಅಲ್ಲಿ ಸ್ಪಿರಿಟ್ ಹತ್ತಿ, ಪ್ಲಾಸ್ಟಿಕ್ ಕಾರ್ಡು, ತಾಳ್ಮೆ. ಸ್ಪಿರಿಟ್ ಹಾಕುವಾಗ ಡೋರು ತೆಗೆದಿಡಿ.

ಪ್ರಶ್ನೆ: ಡೈನಿಂಗ್ ಟೇಬಲ್ ಸನ್‌ಮೈಕಾ ಮೇಲೆ ಫೆವಿಕ್ವಿಕ್ ಬಿದ್ದು ಕಲ್ಲಾಗಿದೆ. — ದಾವಣಗೆರೆ

ಉತ್ತರ: ಇಲ್ಲಿ ನೇಲ್ ಪಾಲಿಶ್ ರಿಮೂವರ್‌ಗೆ ಕೆಲಸ ಇದೆ, ಅಸಿಟೋನ್ ಇರೋದನ್ನ ನೋಡಿ ತಗೊಳ್ಳಿ. ಹತ್ತಿ ಅದ್ದಿ ಆ ಚುಕ್ಕಿ ಮೇಲೆ ಮಾತ್ರ ಕೆಲ ನಿಮಿಷ ಇಟ್ಟು ಕಾರ್ಡಿನಿಂದ ತಳ್ಳಿ, ತಕ್ಷಣ ಒರೆಸಿ. ಬೆರಳಿಗೆ ಅಂಟಿದ್ರೆ ಎಳೀಬೇಡಿ, ಬೆಚ್ಚಗಿನ ಸೋಪು ನೀರಲ್ಲಿಟ್ಟು ಹೊರಳಿಸಿ ಬಿಡಿಸಿ. ಕಣ್ಣಿಗೆ ಹಾರಿದ್ರೆ ಏನೂ ಹಚ್ಚದೆ ಡಾಕ್ಟರ್ ಹತ್ರ ಹೋಗಿ. ಈ ಅಂಟು ಹಸಿಯಾಗಿ ಚೆಲ್ಲಿದಾಗ ಹತ್ತಿ ಬಟ್ಟೆಯಿಂದ ಒರೆಸ್ಬೇಡಿ, ಹತ್ತಿ ಜೊತೆ ಸೇರಿದ್ರೆ ಕೈ ಸುಡೋಷ್ಟು ಬಿಸಿ ಆಗತ್ತೆ. ಫ್ರಿಡ್ಜ್ ಒಳಗಿನ ಪ್ಲಾಸ್ಟಿಕ್, ಟಿವಿ ಪರದೆ, ಸ್ವಿಚ್ ಬೋರ್ಡು, ಕನ್ನಡಕಕ್ಕೆ ಅಸಿಟೋನ್ ತಾಗಿಸ್ಲೇಬೇಡಿ, ಮಂಕಾಗತ್ತೆ ಇಲ್ಲ ಸೀಳತ್ತೆ.

ಪ್ರಶ್ನೆ: ಬಾತ್‌ರೂಮ್ ಕನ್ನಡಿ ತುಂಬಾ ಸ್ಟಿಕರ್ ಬೊಟ್ಟಿನ ಅಂಟು. ಉಗುರಲ್ಲಿ ಕೆರೆದು ಸಾಕಾಯ್ತು. — ತುಮಕೂರು

ಉತ್ತರ: ಸ್ನಾನ ಮಾಡಿ ಬಂದ ತಕ್ಷಣ, ಕನ್ನಡಿ ಹಬೆಗೆ ಬೆಚ್ಚಗಿರುವಾಗ ಕೊಬ್ಬರಿ ಎಣ್ಣೆ ಬೆರಳಲ್ಲಿ ಉಜ್ಜಿ, ಪೇಪರ್‌ನಿಂದ ಒರೆಸಿ. ಕನ್ನಡಿಯ ಅಂಚಿಗೆ ಎಣ್ಣೆಯಾಗ್ಲಿ ಸ್ಪಿರಿಟ್ಟಾಗ್ಲಿ ಇಳಿಯೋಕೆ ಬಿಡ್ಬೇಡಿ, ಹಿಂದಿನ ಲೇಪನ ಕಪ್ಪಾಗತ್ತೆ. ಇನ್ನೊಂದು ವಿಷಯ, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ಬೊಟ್ಟು ಇಡೋ ಜಾಗ ಹಣೆಯಲ್ಲಿ ತುರಿಸ್ತಿದ್ರೆ ಅಥವಾ ಬೆಳ್ಳಗಾಗ್ತಿದ್ರೆ ಇಡೋದನ್ನ ಕೂಡ್ಲೇ ನಿಲ್ಲಿಸಿ, ಕೆಲವು ಬೊಟ್ಟಿನ ಅಂಟಲ್ಲಿರೋ ಬ್ಯೂಟೈಲ್ ಫಿನಾಲ್ ಅನ್ನೋ ಅಂಶಕ್ಕೆ ಚರ್ಮದ ಬಣ್ಣ ಹೋಗತ್ತೆ, ಚರ್ಮದ ಡಾಕ್ಟರಿಗೆ ಬೇಗ ತೋರಿಸಿದಷ್ಟೂ ಒಳ್ಳೇದು. ಅಲ್ಲಿವರೆಗೆ ಕುಂಕುಮನೇ ಇಟ್ಕೊಳ್ಳಿ, ಅದೂ ತುರಿಸಿದ್ರೆ ಅದೂ ಬೇಡ.